ಮೂಲಿ ಟೇಬಲ್ಲು

ಮ್ಯಾಲಿನ ಊಟದ ಹಾಲಿಗೆ ಬಣ್ಣಾ ಹಚ್ಚಾಕತ್ತಾರ,
ಮೂರು ದಿನ ಕೆಳಗ ಉಣ್ರಿ, ಅಂದ ಲಾಡ್ಜಿನ ಹುಡುಗ.
ಕೆಳಗಂದ್ರ ಪಬ್ಬು.
ಕಸ್ತೂರಿ ನನ್ನ ಮುಖಾ ನೋಡಿದ್ಲು, ನಾ ಆಕೀದು.
ಚೀಟಿ ಎತ್ತಿದ ರೊಕ್ಕದಾಗ ಬಹರೇನ ನೋಡಾಕ ಬಂದ
ಹುಬ್ಬಳ್ಳಿ ನೆಗೆಣ್ಯಾರು ಇಬ್ಬರೂ
ಸೆರಗು ಸೊಂಟಕ್ಕ ಸಿಗಿಸಿ ಒಳಗ ಹೊಕ್ಕಿವಿ,
ಥಂಡಿ ನೀರಿಗೆ ಇಳದಂಗ.

ಹೊರಗ ಗುದೈಬಿಯಾದ ಓಣಿ, ಆಗಸ್ಟಿನ ರಾತ್ರಿ,
ಹಸಿ ಅರಿವಿ ಮುಖಕ್ಕ ಒತ್ತಿದಂಥಾ ಶಕಿ.
ಒಳಗ ಕೆಂಪು ದೀಪ, ಗ್ವಾಡಿ ತುಂಬ ಹಳೇ ಹಡಗದ ಚಿತ್ರ,
ದುಂಡನ ಹಲಗಿಗೆ ಬಾಣಾ ಒಗೀತಿದ್ದ ಡೆಸ್ಮಂಡ್,
ಹಡಗದ ಮಿಸ್ತ್ರಿ, ಪೂರಾ ನೆರತ ತಲಿ,
ನಮ್ಮನ್ನ ಕಂಡು ಬಾಣಾ ಕೆಳಗಿಟ್ಟು ದಾರಿ ಬಿಟ್ಟ,
ಮದವಿ ಮನ್ಯಾಗ ಬೀಗತ್ಯಾರಿಗೆ ಬಿಟ್ಟಂಗ.

ತಿಗಿಸ್ತ್ ಅಂತ ಬಡಸಾಕಿ ಹೆಸರು. ಇಥಿಯೋಪಿಯಾದಾಕಿ.
ಏನು ಕುಡೀತೀರಿ ಅಂತ ಕೇಳಲಿಲ್ಲ ಮೊದಲು,
ಹಸದೀರೇನು ಅಂದ್ಲು, ಹೊಟ್ಟಿ ಮ್ಯಾಲೆ ಕೈ ಇಟ್ಟು.
ಬಟ್ಟಲದಾಗ ಶೇಂಗಾ ತಂದಿಟ್ಲು, ಪುಕ್ಕಟೆ.
ಮಾಂಸ ಒಲ್ಲೆ, ತತ್ತಿ ಒಲ್ಲೆ ಅಂತ ನಾ ಕೈ ಆಡಿಸಿದೆ.
ಮುಕ್ಕಾಲು ಮೆನು ಅಂಗೈಯಿಂದ ಮುಚ್ಚಿ
ಉಳದದ್ದು ನಕ್ಕೋತ ತೋರಿಸಿದ್ಲು:
ಆಲೂಗಡ್ಡಿ, ಅಣಬಿ, ಬಟಾಣಿ, ಮತ್ತ ಆಲೂಗಡ್ಡಿ.

ನಂದು ಖಾನಾವಳಿ. ಇಪ್ಪತ್ತೇಳು ವರ್ಷ.
ಕುಂತು ಉಂಡದ್ದು ಯಾರದರ ಮದವ್ಯಾಗಷ್ಟ,
ಅಲ್ಲೂ ಕಣ್ಣು ಸಾರಿನ ಬಕೀಟಿನ ಮ್ಯಾಲೆ.
ಇಲ್ಲೂ ಹಂಗ. ಯಾವ ಟೇಬಲ್ಲಿಗೆ ನೀರಿಲ್ಲ,
ಯಾವ ತಾಟು ಎತ್ತೂದು ಉಳದೈತಿ,
ಅಡಗಿಮನಿ ಬಾಗಲಾ ಎಷ್ಟು ಸಲ ಜೀಕೇತಿ.
ಸುಮ್ಮನ ಉಣ್ಣ ಯಕ್ಕಾ, ಅಂದ್ಲು ಕಸ್ತೂರಿ.
ಕುರ್ಚಿ ಮ್ಯಾಲೆ ಚಕ್ಕಳಮಕ್ಕಳ ಹಾಕಿದ್ಲು,
ನಿಂಬಿ ಸೋಡಾದಾಗ ಕೊಳವಿ,
ಅದೇನು ಮೋಜೋ ಆಕೀಗೆ!

ಎರಡನೇ ರಾತ್ರಿ ಮೂಲಿ ಟೇಬಲ್ಲಿನ ಮ್ಯಾಲೆ
ಮಡಚಿ ನಿಲ್ಲಿಸಿದ ಒಂದು ಚೀಟಿ.
ಡೆಸ್ಮಂಡ್ ಓದಿ ಹೇಳಿದ:
ಇಬ್ಬರು ಅಕ್ಕತಂಗ್ಯಾರಿಗೆ ಕಾದಿಟ್ಟದ್ದು.
ನೆಗೆಣ್ಯಾರಂದ್ರ ಏನು ಅಂತ ತಿಳಿಸಿ ಹೇಳಾಕ
ನಮ್ಮ ಇಂಗ್ಲೀಷು ಸಾಲಲಿಲ್ಲ.
ಇರಲಿ ಬಿಡು, ಅಂದ್ವಿ.

ಅವತ್ತ ಚೀಲದಾನ ಶೇಂಗಾ ಚಟ್ನಿಪುಡಿ ಹೊರಗ ಬಂತು.
ಕರದ ಆಲೂಗಡ್ಡಿ ಮ್ಯಾಲೆ ಉದರಿಸಿದೆ.
ಡೆಸ್ಮಂಡ್ ಒಂದು ತಿಂದು, ಕಣ್ಣಾಗ ನೀರು ತಂದು,
ಮತ್ತೂ ಕೈ ಚಾಚಿದ.

ಕಡೀ ರಾತ್ರಿ. ವಿಮಾನ ಮುಂಜಾನೆ ಏಳಕ್ಕ.
ನಿದ್ದಿ ಬರೂದಿಲ್ಲಂತ ಕುಂತs ಇದ್ವಿ.
ಗಿರಾಕಿ ಕರಗಿ ಒಂದೂವರಿ ಆಗಿತ್ತು,
ತಿಗಿಸ್ತ್ ಬಾಗಲದ ಹಿಂದ ನಿಂತುಕೊಂಡು
ತನ್ನ ತಾಟಿಗೆ ಕೈ ಹಾಕಿದ್ಲು. ಬ್ಯಾಳಿ, ಖುಬ್ಬೂಸು.
ಒಂದು ಕಾಲಿನ ಮ್ಯಾಲೆ ಭಾರ,
ಯಾರರ ಕರದಾರಂತ ಕಿವಿ ಈ ಕಡೆ.
ಆ ನಿಲ್ಲೂದು ನಂಗ ಗೊತ್ತು.
ನನ್ನ ಹಿಮ್ಮಡಕ್ಕ ಗೊತ್ತು.

ಎದ್ದೆ. ಆಕೀ ಕೈಯಾನ ತಾಟು ಇಸಗೊಂಡೆ.
ಆಕಿ ಗಾಬರ್ಯಾದ್ಲು. ಮ್ಯಾನೇಜರು ನೋಡಿದ.
ನೋಡಲಿ.
ಮೂಲಿ ಟೇಬಲ್ಲಿಗೆ ತಂದಿಟ್ಟು, ಕುರ್ಚಿ ಎಳದು,
ನೀರು ಹಾಕಿ, ತಾಟಿನ ಎಡಕ್ಕ ಒಂದು ಚಿಟಿಕಿ ಪುಡಿ ಬಡಿಸಿ
ಕುಂಡ್ರವಾ, ಅಂದೆ, ಕನ್ನಡದಾಗ.
ಕುಂತ್ಲು.

ಖುಬ್ಬೂಸು ಹರದು, ಬ್ಯಾಳ್ಯಾಗ ಅದ್ದಿ, ಪುಡಿಗೆ ಒತ್ತಿ
ಮೊದಲ ತುತ್ತು ತಾ ತಿನಲಿಲ್ಲ ಹುಡುಗಿ,
ನನ್ನ ಬಾಯಿ ಮುಂದ ಹಿಡದ್ಲು.
ನಮ್ಮೂರಾಗ ಹಿಂಗ, ಅಂದ್ಲು.
ಬಾಯಿ ತಗದೆ,
ಮಂದಿಗೆ ಇನ್ನೊಂದು, ಇನ್ನೊಂದು ಅಂತ ಅಂದು ಅಂದು
ಅರವತ್ತು ಮುಟ್ಟಿದ ಬಾಯಿ.
ಉಪ್ಪು ಒಂಚೂರು ಕಮ್ಮಿ ಇತ್ತು.
ಹೇಳಲಿಲ್ಲ.

ಹೊಳ್ಳಿ ನೋಡತೇನಿ, ಆ ಕಡೆ ಕಸ್ತೂರಿ
ಕೊಳವಿ ಕೈಯಾಗ ಹಿಡಕೊಂಡು, ಕಣ್ಣು ಮುಚ್ಚಿ,
ಗುಬ್ಬಿಮರೀ ಹಂಗ ಬಾಯಿ ತಗದು ಕುಂತಾಳ.